ಹನ್ನೆರಡನೆಯವನ ಊರಿಗೆ, ಅಪ್ಪಾಜಿ ಜೊತೆ

ದಿನ 1: ಗುರುವಾರ, ಕಿತ್ತಳೆ ಸ್ವೆಟರ್

ಅಪ್ಪಾಜಿ ಯಾವ ಸ್ವೆಟರ್ ಹಾಕಿಕೊಂಡಿದ್ದಾರೆ ಅಂತ ನಾನು ಸರಿಯಾಗಿ ನೋಡಿದ್ದು ಡಲ್ಲಾಸ್ ಬಿಟ್ಟು ಮುಕ್ಕಾಲು ಗಂಟೆಯಾದ ಮೇಲೆ, ಎನ್ನಿಸ್ ಊರಿನ ಬಕೀಸ್ ಪೆಟ್ರೋಲ್ ಬಂಕಿನಲ್ಲಿ. ಕೌಬಾಯ್ ಟೋಪಿಯ ಅಜ್ಜ ಒಬ್ಬರು ಅವರನ್ನು ನೋಡಿ ಮುಖ ಅರಳಿಸಿದರು. ತೋರುಬೆರಳು ಕಿರುಬೆರಳು ಎತ್ತಿ ಕೊಂಬು ಮಾಡಿ ತೋರಿಸಿದರು. ಅಪ್ಪಾಜಿ ಏನೂ ಅರ್ಥವಾಗದೆ ಕೈ ಮುಗಿದರು. ಅಜ್ಜನಿಗೆ ಇನ್ನೂ ಖುಷಿಯಾಯಿತು.

ನನ್ನ ಎದೆ ಧಸಕ್ ಅಂತು. ಇಟ್ಟಿಗೆಗೆ ಹತ್ತಿರದ ಕಿತ್ತಳೆ ಬಣ್ಣ! ಆ ಬಣ್ಣ, ಆ ಕೊಂಬು ಎರಡೂ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದವು. ನಾವು ಹೊರಟಿದ್ದು ಕಾಲೇಜ್ ಸ್ಟೇಷನ್ನಿಗೆ, ಅವರ ಪರಮ ಎದುರಾಳಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಊರಿಗೆ. ನಮ್ಮ ಬಣ್ಣ ಮರೂನ್.

‘ನಿಮ್ಮಮ್ಮ ದಾವಣಗೆರೆಯಲ್ಲಿ ತಗೊಂಡಿದ್ದು. ಬೆಚ್ಚಗಿದೆ. ಬಣ್ಣಕ್ಕೇನಾಗಿದೆ ಈಗ?’ ಅಂದರು ಅಪ್ಪಾಜಿ.

ನಾನು ಅಲ್ಲಿ ಓದಿದ್ದು 2009ರಿಂದ 2011ರವರೆಗೆ, ಸಿವಿಲ್‌ನಲ್ಲಿ ಎಂ.ಎಸ್. ಅಮೆರಿಕನ್ ಫುಟ್‌ಬಾಲ್ ಅಂದರೆ ಏನು ಅಂತ ಹೋಗುವಾಗ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಅಷ್ಟಕ್ಕಷ್ಟೇ. ಆದರೆ ಹದಿನೈದು ವರ್ಷದಿಂದ ನಾನು ಆ ತಂಡದ ಭಕ್ತ. ಮದುವೆಯ ಉಂಗುರಕ್ಕಿಂತ ಮೊದಲು ಕೈಗೆ ಬಂದಿದ್ದು ಆ ಕಾಲೇಜಿನ ಉಂಗುರ. ಇನ್ನೂ ತೆಗೆದಿಲ್ಲ. ನಾನು ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ, 2011ರ ನವೆಂಬರ್ 24ರ ರಾತ್ರಿ, ಟೆಕ್ಸಸ್ ತಂಡ ನಮ್ಮ ಮೈದಾನಕ್ಕೇ ಬಂದು ಕೊನೇ ಕ್ಷಣದಲ್ಲಿ ಒಂದು ಚೆಂಡು ಒದ್ದು 27-25ಕ್ಕೆ ಗೆದ್ದಿತ್ತು. ಮಾರನೇ ವರ್ಷ ಎ ಅಂಡ್ ಎಂ ಬೇರೆ ಲೀಗಿಗೆ ಹೋಯಿತು. ನೂರು ವರ್ಷಕ್ಕೂ ಹಳೆಯ ಜಗಳ ಅಲ್ಲಿಗೆ ನಿಂತಿತು. 2024ರಲ್ಲಿ ಟೆಕ್ಸಸ್ ಕೂಡ ಅದೇ ಲೀಗಿಗೆ ಬಂತು. ಹದಿಮೂರು ವರ್ಷದ ನಂತರ ಮತ್ತೆ ಅದೇ ಮೈದಾನ, ಅದೇ ಥ್ಯಾಂಕ್ಸ್‌ಗಿವಿಂಗ್ ವಾರ. ಹೋಗದೇ ಇರುವುದು ಹೇಗೆ?

ಟಿಕೆಟ್ಟಿಗೆ ಎಷ್ಟು ಕೊಟ್ಟೆ ಅಂತ ಹೆಂಡತಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಹೂಸ್ಟನ್ನಿನಲ್ಲಿರುವ ನನ್ನ ಹಳೆಯ ರೂಮ್‌ಮೇಟ್, ಶಿರಸಿಯವನು, ಮೂರು ಹೊಂದಿಸಿದ್ದ. ಮೂರನೆಯದು ಅಪ್ಪಾಜಿಗೆ. ಅಮ್ಮನನ್ನೂ ಕರೆದೆ. ‘ಆ ಗದ್ದಲಕ್ಕೆ ನಾನ್ಯಾಕೆ, ಮೊಮ್ಮಗಳ ಜೊತೆ ಇರ್ತೀನಿ’ ಅಂದರು. ಅಪ್ಪಾಜಿಗೆ ಎಪ್ಪತ್ತು. ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ‘ಒಂದು ಮೈದಾನ ನೋಡಿದಂಗಾಯ್ತು’ ಅಂತ ಹೊರಟರು.

ಹೆದ್ದಾರಿ ಬಿಟ್ಟು ಮೆಕ್ಸಿಯಾ, ಗ್ರೋಸ್‌ಬೆಕ್ ಕಡೆಯ ಸಣ್ಣ ರಸ್ತೆ ಹಿಡಿದೆ. ಮೆಕ್ಸಿಯಾ ಅಂತ ಬರೆಯುವುದಷ್ಟೇ. ಊರಿನವರ ಬಾಯಲ್ಲಿ ಅದು ‘ಮಹೇಯಾ’. ದಾರಿ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. ಎರಡೂ ಕಡೆ ತಂತಿ ಬೇಲಿ, ಬೇಲಿಯಾಚೆ ಸುತ್ತಿಟ್ಟ ಒಣಹುಲ್ಲಿನ ಉರುಳೆಗಳು, ಕಪ್ಪು ದನಗಳು. ಅಪ್ಪಾಜಿ ಬಹಳ ಹೊತ್ತು ಕಿಟಕಿಯಾಚೆ ನೋಡಿ ‘ಇಷ್ಟು ದನ ಇವೆ, ಕಾಯೋನು ಒಬ್ಬನೂ ಕಾಣಲ್ಲ’ ಅಂದರು. ಥ್ಯಾಂಕ್ಸ್‌ಗಿವಿಂಗ್ ದಿನ ಊರುಗಳೆಲ್ಲ ಬಾಗಿಲು ಹಾಕಿಕೊಂಡಿರುತ್ತವೆ. ಅಮ್ಮ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಇಲ್ಲದಿದ್ದರೆ ಅವತ್ತು ಚಿಪ್ಸೇ ಗತಿಯಾಗುತ್ತಿತ್ತು. ಬ್ರೆಮಂಡ್ ಹತ್ತಿರ ಕಾರು ನಿಲ್ಲಿಸಿ ಡಿಕ್ಕಿಯ ಮೇಲೆ ಪೇಪರ್ ಹಾಸಿಕೊಂಡು ತಿಂದೆವು. ಉತ್ತರದ ಗಾಳಿಗೆ ಚಟ್ನಿಪುಡಿ ಹಾರಿ ಕಿತ್ತಳೆ ಸ್ವೆಟರಿನ ಮೇಲೆ ಬಿತ್ತು. ನಾನು ಒಳಗೊಳಗೇ ಖುಷಿಪಟ್ಟೆ.

ಕಾಲೇಜ್ ಸ್ಟೇಷನ್ನಿನ ಹೋಟೆಲುಗಳು ಆಟದ ವಾರದಲ್ಲಿ ಕೈಗೆ ಸಿಗುವುದಿಲ್ಲ. ಅರ್ಧ ಗಂಟೆ ಹಿಂದಿರುವ ಹರ್ನ್ ಎಂಬ ರೈಲು ಜಂಕ್ಷನ್ ಊರಿನಲ್ಲಿ ಒಂದು ಮೋಟೆಲ್ ಹಿಡಿದಿದ್ದೆ. ಹೋಗುವವರಿಗೆ ಇದೇ ಒಳ್ಳೆಯ ಉಪಾಯ. ಮೋಟೆಲ್ ನಡೆಸುವವರು ಗುಜರಾತಿ ದಂಪತಿ. ಆಕೆ ಅಪ್ಪಾಜಿಯನ್ನು ನೋಡಿದವರೇ ಒಳಗೆ ಹೋಗಿ ಶುಂಠಿ ಚಹಾ ತಂದರು. ಅಪ್ಪಾಜಿಯ ಹಿಂದಿ ಮತ್ತು ಆಕೆಯ ಹಿಂದಿ ಹೇಗೋ ದಾರಿಯಲ್ಲಿ ಸಂಧಿಸಿದವು. ‘ವರ್ಷಕ್ಕೆ ಏಳು ದೀಪಾವಳಿ ನಮಗೆ. ಇಲ್ಲಿ ಏಳು ಆಟ ಇದ್ದರೆ ಏಳು’ ಅಂದರು ಆಕೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರಂತೆ. ಒಂದು ಆಟವನ್ನೂ ನೋಡಿಲ್ಲವಂತೆ.

ದಿನ 2: ಶುಕ್ರವಾರ, ಮಂಕಿ ಕ್ಯಾಪ್ ಮತ್ತು ಟಾರ್ಚು

ಬೆಳಿಗ್ಗೆ ಶಿರಸಿಯವನು ಬಂದು ಸೇರಿದ. ಬಂದವನೇ ‘ಅಂಕಲ್, ಮೊದಲು ಈ ಸ್ವೆಟರ್ ಬಿಚ್ಚಿ’ ಅಂತ ತನ್ನ ಇನ್ನೊಂದು ಮರೂನ್ ಜಾಕೆಟ್ ತೊಡಿಸಿದ. ತೋಳು ಉದ್ದವಾಯಿತು. ಮಡಚಿಕೊಂಡರು.

ಕ್ಯಾಂಪಸ್ಸಿನಲ್ಲಿ ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕಿಲ್ಲ, ಎದುರಿಗೆ ಬಂದ ಹುಡುಗ ‘ಹೌಡಿ’ ಅಂದ. ಅವನ ಹಿಂದೆ ಬಂದ ಹುಡುಗಿಯೂ ಹೌಡಿ. ‘ನಿನ್ನ ಪರಿಚಯದವರಾ?’ ಅಂದರು ಅಪ್ಪಾಜಿ. 2009ರ ಆಗಸ್ಟಿನಲ್ಲಿ ನನಗೂ ಹಾಗೇ ಅನಿಸಿತ್ತು. ಅಪರಿಚಿತರು ನಮಸ್ಕಾರ ಹೇಳಿದರೆ ಏನೋ ಮಾರಲು ಬಂದಿದ್ದಾರೆ ಅಂತಲೇ ಲೆಕ್ಕ ಅಲ್ವಾ ನಮ್ಮಲ್ಲಿ? ಒಂದು ವಾರ ನಾನು ತಲೆ ತಗ್ಗಿಸಿಕೊಂಡು ಓಡಾಡಿದ್ದೆ. ಎರಡನೇ ವಾರ ನಾನೂ ಹೌಡಿ ಅಂದೆ. ಇಂಗ್ಲಿಷ್ ತೊದಲುತ್ತಿದ್ದ ಕಾಲದಲ್ಲಿ ನಾನು ತಪ್ಪಿಲ್ಲದೆ ಹೇಳುತ್ತಿದ್ದ ಒಂದೇ ಮಾತು ಅದು. ಈ ಕಾಲೇಜಿನ ಹುಚ್ಚು ನನಗೆ ಹಿಡಿದದ್ದು ಆಟದಿಂದಲ್ಲ, ಇಂಥವುಗಳಿಂದ. ಆಟ ಅರ್ಥವಾಗಲು ವರ್ಷಗಳು ಬೇಕು. ಎಲ್ಲರ ಜೊತೆ ಎದ್ದು ನಿಲ್ಲಲು ಏನೂ ಗೊತ್ತಿರಬೇಕಾಗಿಲ್ಲ.

ಅಪ್ಪಾಜಿಗೆ ಮೊದಲ ಪಾಠ ಎಂ.ಎಸ್.ಸಿ. ಅನ್ನುವ ಕಟ್ಟಡದ ಮುಂದೆ ಆಯಿತು. ಹೆಸರು ಕೇಳಿ ಡಿಗ್ರಿ ಅಂದುಕೊಳ್ಳಬೇಡಿ, ಅದು ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್. ಯುದ್ಧಗಳಲ್ಲಿ ಸತ್ತ ಇಲ್ಲಿನ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ್ದು. ಅದರ ಸುತ್ತಲಿನ ಹುಲ್ಲನ್ನು ತುಳಿಯುವಂತಿಲ್ಲ, ಒಳಗೆ ಹೋಗುವಾಗ ಟೋಪಿ ತೆಗೆಯಬೇಕು. ಮೊದಲನೆಯದನ್ನು ನಾನು ಹೇಳಿದ್ದೆ, ಎರಡನೆಯದನ್ನು ಮರೆತಿದ್ದೆ. ಅಪ್ಪಾಜಿ ಮಂಕಿ ಕ್ಯಾಪ್ ಹಾಕಿಕೊಂಡೇ ಒಳಗೆ ನಡೆದರು. ಒಬ್ಬ ಹುಡುಗ ಹತ್ತಿರ ಬಂದು, ಬಹಳ ಮೆಲ್ಲಗೆ, ಸಾರ್ ದಯವಿಟ್ಟು ತಲೆಯ ಮೇಲಿನದು ತೆಗೆಯಬಹುದೇ ಅಂತ ಕೇಳಿದ. ಮಂಕಿ ಕ್ಯಾಪಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಅವನಿಗೂ ಗೊತ್ತಾಗಲಿಲ್ಲ ಅನಿಸುತ್ತದೆ. ನಾನು ನಾಚಿಕೆಯಿಂದ ಕುಗ್ಗಿದೆ. ಅಪ್ಪಾಜಿ ಮಾತ್ರ ಕ್ಯಾಪ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ‘ಸರಿಯಾಗಿ ಹೇಳಿದ. ಚಪ್ಪಲಿ ಬಿಡೋದು ಬೇಡ್ವಾ?’ ಅಂದರು.

ಸೆಂಚುರಿ ಟ್ರೀ ನೋಡಿದೆವು. 1891ರಲ್ಲಿ ನೆಟ್ಟ ಓಕ್ ಮರ, ಕೊಂಬೆಗಳು ಆಲದ ಮರದ ಹಾಗೆ ನೆಲಕ್ಕೆ ಬಾಗಿವೆ. ಪ್ರೀತಿಸಿದವರ ಜೊತೆ ಇದರಡಿ ನಡೆದರೆ ಮದುವೆಯಾಗುತ್ತದೆ, ಒಂಟಿಯಾಗಿ ನಡೆದರೆ ಜೀವನವಿಡೀ ಒಂಟಿ ಅಂತ ನಂಬಿಕೆ. ಶಿರಸಿಯವನು 2010ರಲ್ಲಿ ಇದರಡಿ ಒಬ್ಬನೇ ಕೂತು ಇಡ್ಲಿ ತಿಂದಿದ್ದ. ಅವನಿಗೆ ಇನ್ನೂ ಮದುವೆಯಾಗಿಲ್ಲ. ಅಪ್ಪಾಜಿ ವಿಷಯ ಕೇಳಿ, ಮರದ ನೆರಳು ತಾಗದ ಹಾಗೆ ದೂರದಿಂದ ಸುತ್ತು ಹಾಕಿ ಬಂದರು. ‘ಈ ವಯಸ್ಸಿಗೆ ನಿಮ್ಮಮ್ಮ ಇಲ್ಲದೆ ಯಾಕೆ ಅಪಾಯ?’

ಸಂಜೆ ಬಾನ್‌ಫೈರ್ ಸ್ಮಾರಕಕ್ಕೆ ಹೋದೆವು. ಟೆಕ್ಸಸ್ ಆಟದ ಹಿಂದಿನ ದಿನಗಳಲ್ಲಿ ಇಲ್ಲಿ ದೊಡ್ಡ ಬೆಂಕಿ ಹಾಕುವ ಪದ್ಧತಿ ಇತ್ತು. ವಿದ್ಯಾರ್ಥಿಗಳೇ ಮರ ಕಡಿದು ತಂದು, ಅಂತಸ್ತು ಅಂತಸ್ತಾಗಿ ದಿಮ್ಮಿ ನಿಲ್ಲಿಸುತ್ತಿದ್ದರು. 1999ರ ನವೆಂಬರ್ 18ರ ಬೆಳಗಿನ ಜಾವ 2 ಗಂಟೆ 42 ನಿಮಿಷಕ್ಕೆ ಆ ರಾಶಿ ಕುಸಿಯಿತು. ಹನ್ನೆರಡು ಜನ ಸತ್ತರು, ಇಪ್ಪತ್ತೇಳು ಜನರಿಗೆ ಗಾಯವಾಯಿತು. ಈಗ ಅದೇ ಜಾಗದಲ್ಲಿ ದುಂಡಗೆ ಕಲ್ಲು ನಿಲ್ಲಿಸಿದ್ದಾರೆ. ಮಧ್ಯೆ ಮಧ್ಯೆ ಹನ್ನೆರಡು ಬಾಗಿಲು. ಒಂದೊಂದು ಬಾಗಿಲೂ ಸತ್ತ ಒಬ್ಬೊಬ್ಬರ ಊರಿನ ದಿಕ್ಕಿಗೆ ಮುಖ ಮಾಡಿದೆ.

ಇಪ್ಪತ್ತೈದನೇ ವರ್ಷದ ಸ್ಮರಣೆ ಮುಗಿದು ಹನ್ನೊಂದೇ ದಿನವಾಗಿತ್ತು. ಒಣಗಿದ ಹೂವು ಒಂದೆರಡು ಕಡೆ ಹಾಗೇ ಇದ್ದವು. ಅಪ್ಪಾಜಿ ಒಂದೊಂದು ಬಾಗಿಲಿನ ಒಳಗೂ ಹೋಗಿ, ಹೆಸರು ಓದಿ, ಬಾಗಿಲು ತೋರಿಸುವ ದಿಕ್ಕಿಗೆ ನೋಡಿ ಹೊರಗೆ ಬರುತ್ತಿದ್ದರು. ಹನ್ನೆರಡನ್ನೂ ನೋಡಿದರು. ನಾನು ಮಸ್ಟರ್ ಬಗ್ಗೆ ಹೇಳಿದೆ: ಪ್ರತಿ ಏಪ್ರಿಲ್ 21ರಂದು ಇಲ್ಲಿ ಓದಿದವರು ಎಲ್ಲೆಲ್ಲಿದ್ದಾರೋ ಅಲ್ಲಲ್ಲಿ ಸೇರುತ್ತಾರೆ, ಆ ವರ್ಷ ತೀರಿಕೊಂಡವರ ಹೆಸರು ಕೂಗುತ್ತಾರೆ, ಅವರ ಪರವಾಗಿ ಮನೆಯವರೋ ಗೆಳೆಯರೋ ‘ಇದ್ದೇನೆ’ ಅನ್ನುತ್ತಾರೆ.

‘ಹಾಜರಿ’ ಅಂದರು ಅಪ್ಪಾಜಿ. ಮೂವತ್ತೆರಡು ವರ್ಷ ಹಾಜರಿ ಕೂಗಿದವರು. ಮತ್ತೇನೂ ಹೇಳಲಿಲ್ಲ.

ರಾತ್ರಿ ಹನ್ನೊಂದಕ್ಕೆ ಮತ್ತೆ ಹೊರಟೆವು. ಆಟದ ಹಿಂದಿನ ಮಧ್ಯರಾತ್ರಿ ಕೈಲ್ ಫೀಲ್ಡ್ ಮೈದಾನದಲ್ಲಿ ಯೆಲ್ ಪ್ರಾಕ್ಟೀಸ್, ಅಂದರೆ ಮಾರನೇ ದಿನ ಕೂಗುವುದಕ್ಕೆ ತಾಲೀಮು. ಟಿಕೆಟ್ ಇಲ್ಲ, ಬೇಗ ಹೋದರೆ ಒಳ್ಳೆಯ ಜಾಗ ಸಿಗುತ್ತದೆ. ಈ ಕಾಲೇಜಿನ ಫುಟ್‌ಬಾಲಿಗೆ ಚಿಯರ್ ಲೀಡರ್ ಹುಡುಗಿಯರಿಲ್ಲ. ವಿದ್ಯಾರ್ಥಿಗಳೇ ಚುನಾವಣೆಯಲ್ಲಿ ಆರಿಸಿದ ಐದು ಯೆಲ್ ಲೀಡರ್‌ಗಳು, ಬಿಳಿ ಬಟ್ಟೆಯಲ್ಲಿ. ಅವರು ಕೈಸನ್ನೆ ಮಾಡುತ್ತಾರೆ. ಮುಂದಿನ ಸಾಲಿನವರು ಅದನ್ನು ಹಿಂದಕ್ಕೆ ದಾಟಿಸುತ್ತಾರೆ. ಕ್ಷಣದಲ್ಲಿ ಇಡೀ ಮೈದಾನ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಒಂದೇ ದನಿಯಲ್ಲಿ ಕೂಗುತ್ತದೆ. ಅಪ್ಪಾಜಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ‘ಸೀಟಿ ಇಲ್ಲ, ಮೈಕ್ ಹಿಡಿದು ಅರಚಾಟ ಇಲ್ಲ, ನೋಡು ಡ್ರಿಲ್ ಹೆಂಗಿದೆ! ಆಗಸ್ಟ್ ಹದಿನೈದಕ್ಕೆ ನಾನೂರು ಹುಡುಗರನ್ನ ನಿಲ್ಲಿಸೋಕೆ ನನಗೆ ಒಂದು ತಿಂಗಳು ಹಿಡೀತಿತ್ತು.’

ಹೆಬ್ಬೆರಳು ಎತ್ತುವುದು ಮಾತ್ರ ಅವರಿಗೆ ಒಗ್ಗಲಿಲ್ಲ. ‘ಗಿಗೆಮ್’ ಅಂತ ಕೂಗಿ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಗಿಗ್ ಅಂದರೆ ಕಪ್ಪೆ ಹಿಡಿಯುವ ಈಟಿ. 1930ರಲ್ಲಿ ಟಿ.ಸಿ.ಯು. ಎಂಬ ಕಾಲೇಜಿನ ವಿರುದ್ಧದ ಆಟಕ್ಕೆ ಮುಂಚಿನ ಯೆಲ್ ಪ್ರಾಕ್ಟೀಸಿನಲ್ಲಿ ಹುಟ್ಟಿದ್ದಂತೆ, ಆ ತಂಡದ ಹೆಸರು ಕೊಂಬಿನ ಕಪ್ಪೆ. ಇದನ್ನೆಲ್ಲ ನಾನು ವಿವರಿಸಿದೆ. ಅಪ್ಪಾಜಿ ಕೇಳಿಸಿಕೊಂಡು, ‘ಅಲ್ಲಪ್ಪಾ, ಇಷ್ಟೆಲ್ಲ ಓದಿದವರು ಹೋಗಿ ಹೋಗಿ ಹೆಬ್ಬೆಟ್ಟು ತೋರಿಸ್ತಾರಲ್ಲ!’ ಅಂದರು. ಹದಿನೈದು ವರ್ಷ ನಾನು ಹೆಬ್ಬೆಟ್ಟಾಗಿದ್ದೇನೆ ಅಂತ ನನಗೆ ಹೊಳೆದೇ ಇರಲಿಲ್ಲ.

ಕೊನೆಯಲ್ಲಿ ದೀಪ ಆರಿಸುತ್ತಾರೆ. ಆ ಕತ್ತಲಲ್ಲಿ ಜೋಡಿಗಳು ಮುತ್ತಿಡುವುದು ಪದ್ಧತಿ. ಜೋಡಿ ಇಲ್ಲದವರು ಲೈಟರ್ ಹೊತ್ತಿಸಿ ಹಿಡಿಯಬೇಕು, ಇನ್ನೊಬ್ಬ ಒಂಟಿ ಜೀವಕ್ಕೆ ಕಾಣಲಿ ಅಂತ. ಇದನ್ನು ಅಪ್ಪಾಜಿಗೆ ಹೇಗೆ ಹೇಳುವುದು ಅಂತ ನಾನು ಹೇಳಿರಲಿಲ್ಲ. ದೀಪ ಆರಿತು. ಮೆಟ್ಟಿಲು ಕಾಣಲಿಲ್ಲ ಅಂತ ಅಪ್ಪಾಜಿ ಮೊಬೈಲಿನ ಟಾರ್ಚ್ ಹಾಕಿದರು. ಮೇಲಕ್ಕೆ ಎತ್ತಿ ಹಿಡಿದು ‘ಎಲ್ಲಿದ್ದೀಯೋ?’ ಅಂತ ನನ್ನನ್ನು ಹುಡುಕತೊಡಗಿದರು. ಹಿಂದಿನ ಸಾಲಿನ ಹುಡುಗಿಯರು ಹೋ ಅಂದರು. ಶಿರಸಿಯವನು ನೆಲಕ್ಕೆ ಕುಸಿದು ಕೂತು ನಕ್ಕ. ಆಮೇಲೆ ಕಾರಿನಲ್ಲಿ ವಿಷಯ ತಿಳಿದಾಗ ಅಪ್ಪಾಜಿ ಒಂದೇ ಮಾತು ಹೇಳಿದ್ದು: ‘ಮನೆಯಲ್ಲಿ ಹೇಳಬೇಡ.’

ದಿನ 3: ಶನಿವಾರ, ಆಟ

ಆಟ ಸಂಜೆ ಆರೂವರೆಗೆ. ಮಧ್ಯಾಹ್ನ ಹನ್ನೆರಡಕ್ಕೇ ಹೋದರೂ ಕಾರು ನಿಲ್ಲಿಸಿದ್ದು ಎರಡು ಮೈಲಿ ದೂರ. ಊರಿಗೆ ಊರೇ ಟೆಂಟ್ ಹಾಕಿಕೊಂಡು ಹೊಗೆ ಎಬ್ಬಿಸಿ ಮಾಂಸ ಬೇಯಿಸುತ್ತಿತ್ತು. ಲಿಂಗಾಯತರ ಅಪ್ಪಾಜಿ ಮೂಗಿಗೆ ಕರವಸ್ತ್ರ ಹಿಡಿದು ಅದೆಲ್ಲವನ್ನೂ ಜಾತ್ರೆ ನೋಡುವ ಹಾಗೆ ನೋಡಿದರು. ಒಂದು ಟೆಂಟಿನವರು ಕರೆದು ಸುಟ್ಟ ಜೋಳದ ತೆನೆ ಕೊಟ್ಟರು. ದುಡ್ಡು ಕೇಳಲಿಲ್ಲ, ಹೆಸರು ಕೇಳಿದರು. ಪಕ್ಕದ ಟೆಂಟಿನಲ್ಲಿ ಕಿತ್ತಳೆಯವರು ಇದ್ದರು, ಇವರ ಭಾವಮೈದುನನಂತೆ. ಒಂದೇ ಮನೆಯಲ್ಲಿ ಎರಡು ಪಕ್ಷ ಇರುವುದು ನಮಗೇನು ಹೊಸದಾ?

ಮೈದಾನದ ಉತ್ತರ ಬಾಗಿಲ ಬಳಿ ನಾಯಿಗಳ ಸಮಾಧಿ ಇದೆ. ಕಾಲೇಜಿನ ಲಾಂಛನ ರೆವೆಲಿ ಎಂಬ ಕೋಲಿ ಜಾತಿಯ ನಾಯಿ. ಈಗಿರುವುದು ಹತ್ತನೆಯದು. ಕೆಡೆಟ್‌ಗಳ ದಳದಲ್ಲಿ ಎಲ್ಲರಿಗಿಂತ ಮೇಲಿನ ಪದವಿ ಅದಕ್ಕೇ. ಅದು ಯಾರ ಮಂಚದ ಮೇಲೆ ಮಲಗಿದರೂ ಆ ಹುಡುಗ ನೆಲದ ಮೇಲೆ ಮಲಗಬೇಕು ಅನ್ನುತ್ತಾರೆ. ಹಿಂದಿನ ರೆವೆಲಿಗಳನ್ನು ಮೈದಾನದ ಸ್ಕೋರ್ ಬೋರ್ಡ್ ಕಾಣುವ ಹಾಗೆ ಹೂಳಿದ್ದರು. ಮೈದಾನ ದೊಡ್ಡದು ಮಾಡಿದಾಗ ಗೋಡೆ ಅಡ್ಡ ಬಂತು. ಅದಕ್ಕೆ ಸಮಾಧಿಗಳಿಗಾಗಿಯೇ ಬೇರೆ ಒಂದು ಸಣ್ಣ ಸ್ಕೋರ್ ಬೋರ್ಡ್ ಹಾಕಿದರು. ಅಪ್ಪಾಜಿ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ‘ನಾಯಿ ಅಲ್ವಾ, ಕಾಯ್ತಿರುತ್ತೆ’ ಅಂದರು.

ಅಲ್ಲಿಂದ ಕಿಂಗ್ ಗಿಲ್ ಪ್ರತಿಮೆಗೆ ಬಂದೆವು. ಈ ಊರಿನ ಮೂಲದೇವರು ಅನ್ನಿ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಆಟ, ಎದುರಾಳಿ ಕೆಂಟಕಿಯ ಸೆಂಟರ್ ಕಾಲೇಜು, ಆಗಿನ ಕಾಲದ ಘಟಾನುಘಟಿಗಳು. ಎ ಅಂಡ್ ಎಂ ಹುಡುಗರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬಂದರು. ಗಿಲ್ ಫುಟ್‌ಬಾಲ್ ಬಿಟ್ಟು ಬ್ಯಾಸ್ಕೆಟ್‌ಬಾಲಿಗೆ ಹೋಗಿದ್ದ ಹುಡುಗ. ಮೇಲೆ ಪತ್ರಕರ್ತರ ಜೊತೆ ಕೂತು ಯಾರು ಯಾರೆಂದು ಗುರುತು ಹೇಳುತ್ತಿದ್ದ. ಕೋಚ್ ಡಾನಾ ಬೈಬಲ್ ಅವನನ್ನು ಕೆಳಗೆ ಕರೆಸಿದರು. ಗಾಯಗೊಂಡವನ ಬಟ್ಟೆಯನ್ನೇ ಗ್ಯಾಲರಿಯ ಕೆಳಗೆ ತೊಟ್ಟುಕೊಂಡು ಗಿಲ್ ಗೆರೆಯ ಪಕ್ಕ ನಿಂತ. ಆಟ ಮುಗಿಯುವವರೆಗೂ ನಿಂತೇ ಇದ್ದ. ಎ ಅಂಡ್ ಎಂ 22-14ಕ್ಕೆ ಗೆದ್ದಿತು. ಮೈದಾನದಲ್ಲಿ ಆಡುವವರು ಹನ್ನೊಂದು ಜನ. ಅಂದಿನಿಂದ ಇಲ್ಲಿನ ವಿದ್ಯಾರ್ಥಿಗಳೆಲ್ಲ ಹನ್ನೆರಡನೆಯ ಆಟಗಾರರು. ಆಟವಿಡೀ ಅವರು ಕೂರುವುದಿಲ್ಲ.

ಅಪ್ಪಾಜಿ ಪ್ರತಿಮೆಯನ್ನು ಒಂದು ಸುತ್ತು ಬಂದರು.

‘ಎಷ್ಟು ಹೊತ್ತು ಆಡಿದ?’

‘ಆಡಲಿಲ್ಲ ಅಪ್ಪಾಜಿ. ಕರೆಯಲೇ ಇಲ್ಲ.’

‘ಒಂದು ನಿಮಿಷಾನೂ?’

‘ಊಹೂಂ.’

‘ಆಡದೇ ಇದ್ದವನಿಗೆ ಪ್ರತಿಮೆ!’ ಅಂದರು. ನನಗೆ ಅದು ತಮಾಷೆಯೋ ಬೇಸರವೋ ತಿಳಿಯಲಿಲ್ಲ. ಫೋಟೋ ತೆಗೆಯುತ್ತೇನೆ ನಿಲ್ಲಿ ಅಂದರೆ ನಿಲ್ಲಲಿಲ್ಲ. ಬೇಡ ನಡಿ ಅಂದರು.

ಬಾಗಿಲಲ್ಲಿ ತಡವಾಯಿತು. ತಪ್ಪು ನನ್ನದೇ. ಈ ಮೈದಾನಗಳಿಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ, ಅಡುಗೆಮನೆಯ ಒಂದು ಗ್ಯಾಲನ್ ಜಿಪ್ ಕವರ್ ಇದ್ದರೂ ನಡೆಯುತ್ತದೆ. ಅಪ್ಪಾಜಿ ಕೈಯಲ್ಲಿ ಬಟ್ಟೆ ಅಂಗಡಿಯ ಹಳದಿ ಕೈಚೀಲ, ಅದರೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಖಾರ ಮಂಡಕ್ಕಿ. ಕಾರಿಗೆ ಹೋಗಿ ಬರಲು ನಾಲ್ಕು ಮೈಲಿ. ಬಾಗಿಲಿನಿಂದ ಹಿಂದೆ ಸರಿದು ನಿಂತು ಮೂವರೂ ಮಂಡಕ್ಕಿ ಮುಕ್ಕಿದೆವು. ಮರೂನ್ ಅಂಗಿಯ ದಂಪತಿ ಏನದು ಅಂತ ಕೇಳಿದರು. ಅಪ್ಪಾಜಿ ಆಕೆಯ ಅಂಗೈಗೆ ಒಂದು ಹಿಡಿ ಹಾಕಿದರು. ಆಕೆ ಇನ್ನೊಂದು ಹಿಡಿ ಕೇಳಿದರು. ಡಬ್ಬಿ ಚೀಲ ಎರಡನ್ನೂ ಜೋಳ ಕೊಟ್ಟ ಟೆಂಟಿನವರ ಹತ್ತಿರ ಬಿಟ್ಟು ಓಡಿದೆವು.

ಕೈಲ್ ಫೀಲ್ಡ್‌ನಲ್ಲಿ 1,02,733 ಜನ ಹಿಡಿಯುತ್ತಾರೆ. ಚಿನ್ನಸ್ವಾಮಿಯಂಥ ಎರಡು ಮೈದಾನ ತುಂಬಿಸಿದರೂ ಇಲ್ಲಿ ಜಾಗ ಉಳಿಯುತ್ತದೆ. ಅವತ್ತು ಅದಕ್ಕಿಂತ ಜಾಸ್ತಿಯೇ ಇತ್ತು. ನಮ್ಮದು ಮೇಲಿನ ಅಂತಸ್ತು, ಹಳೆಯ ವಿದ್ಯಾರ್ಥಿಗಳ ಕಡೆ. ಇಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಅಪ್ಪಾಜಿಯ ಬಲ ಮೊಣಕಾಲು ಸರಿ ಇಲ್ಲ. ನಾನು ಮೊದಲೇ ಹೇಳಿದ್ದೆ, ‘ನೀವು ಕೂತುಕೊಳ್ಳಿ, ಪರದೆಯಲ್ಲಿ ಕಾಣುತ್ತೆ.’ ಅವರು ಪಕ್ಕಕ್ಕೆ ನೋಡಿದರು. ಎಡಗಡೆ ಒಬ್ಬ ಅಜ್ಜಿ, 1979ರಲ್ಲಿ ಓದು ಮುಗಿಸಿದವರು, ನಿಂತಿದ್ದರು. ‘ಆಯಮ್ಮ ನಿಂತಿರುವಾಗ ನಾನು ಕೂರೋದಾ?’

ಕಾಲೇಜಿನ ಹಾಡಿನ ಕೊನೆಗೆ ಎಲ್ಲರೂ ಅಕ್ಕಪಕ್ಕದವರ ಹೆಗಲಿಗೆ ಕೈ ಹಾಕಿ, ಕಾಲು ಅಡ್ಡ ಹಾಕಿ, ಎಡಕ್ಕೆ ಬಲಕ್ಕೆ ತೂಗುತ್ತಾರೆ. ಟೆಕ್ಸಸ್ ಗೂಳಿಯ ಕೊಂಬನ್ನು ಗರಗಸದಿಂದ ಕೊಯ್ಯುವುದು ಅಂತ ಅರ್ಥ. ಒಂದು ಸಾಲು ಎಡಕ್ಕೆ ಹೋದರೆ ಮುಂದಿನ ಸಾಲು ಬಲಕ್ಕೆ. ಮೇಲಿನ ಅಂತಸ್ತಿನ ಕಾಂಕ್ರೀಟು ಕಾಲಡಿ ಅಲುಗುವುದು ಗೊತ್ತಾಗುತ್ತದೆ. ಸಿವಿಲ್ ಓದಿದ ನನಗೆ ಪ್ರತಿ ಸಲವೂ ಹೊಟ್ಟೆಯಲ್ಲಿ ಕಸಿವಿಸಿ. ಅಜ್ಜಿ ಒಂದು ಮಾತೂ ಕೇಳದೆ ಅಪ್ಪಾಜಿಯ ಹೆಗಲಿಗೆ ಕೈ ಹಾಕಿ ಎಳೆದುಕೊಂಡರು. ಪರಸ್ತ್ರೀಯ ಹೆಗಲಿಗೆ ಕೈ ಹಾಕಲಾರದೆ ಅಪ್ಪಾಜಿ ಎರಡೂ ಕೈ ಎದೆಗೆ ಕಟ್ಟಿಕೊಂಡೇ ತೂಗಿದರು.

ಆಟ ಮೊದಲಿನಿಂದಲೂ ಕೈ ಜಾರಿತ್ತು. ವಿರಾಮದ ಹೊತ್ತಿಗೆ ಟೆಕ್ಸಸ್ 17, ನಾವು ಸೊನ್ನೆ. ಚಳಿ ಏರಿತು. ನಾನು ಮಂಕಾಗಿದ್ದೆ. ಅಪ್ಪಾಜಿ ಮಾತ್ರ ಮೊದಲ ಅರ್ಧ ಗಂಟೆ ‘ಒಂದು ನಿಮಿಷ ಆಟ, ಐದು ನಿಮಿಷ ಸಭೆ’ ಅಂತ ಗೊಣಗಿದವರು, ಆಮೇಲೆ ಸುಮ್ಮನಾಗಿ ಕಣ್ಣು ಕಿರಿದು ಮಾಡಿ ನೋಡತೊಡಗಿದ್ದರು. ವಿರಾಮದಲ್ಲಿ ಬ್ಯಾಂಡಿನವರು ಗೆರೆ ತಪ್ಪದೆ ಒಬ್ಬರ ಸಾಲಿನೊಳಗೆ ಒಬ್ಬರು ನುಗ್ಗಿ ಹೋಗುವುದನ್ನು ನೋಡಿ ಮುಗಿಸಿ, ನನ್ನ ಕಡೆ ತಿರುಗಿದರು.

‘ಇದು ಕಬಡ್ಡೀನೇ ಕಣೋ.’

‘ಹೇಗೆ?’

‘ಚೆಂಡು ಹಿಡಿದವನು ರೈಡರ್. ನಾಲ್ಕು ರೈಡ್ ಕೊಟ್ಟಿರ್ತಾರೆ, ಅಷ್ಟರಲ್ಲಿ ಹತ್ತು ಗಜ ದಾಟಬೇಕು. ದಾಟಿದ್ರೆ ಮತ್ತೆ ನಾಲ್ಕು. ನಮ್ಮ ಹುಡುಗರು ಸೊಂಟ ಹಿಡೀತಿದ್ದಾರೆ. ಆ ಆಳು ಸೊಂಟಕ್ಕೆ ಸಿಗಲ್ಲ, ಕಾಲು ಹಿಡೀಬೇಕು.’

ಹದಿನೈದು ವರ್ಷದ ಭಕ್ತಿಯಲ್ಲಿ ನನಗೆ ಯಾರೂ ಇಷ್ಟು ಸಲೀಸಾಗಿ ಹೇಳಿಕೊಟ್ಟಿರಲಿಲ್ಲ. ಶಿರಸಿಯವನು ಬಾಯಿ ತೆರೆದು ಕೇಳುತ್ತಿದ್ದ. ಮೂರನೇ ಭಾಗದಲ್ಲಿ ವಿಲ್ ಲೀ ಎಂಬ ನಮ್ಮ ಹುಡುಗ ಟೆಕ್ಸಸ್‌ನವರು ಎಸೆದ ಚೆಂಡನ್ನು ನಡುವೆಯೇ ಕಸಿದು 93 ಗಜ ಓಡಿದ. ಅವನು ಅರ್ಧ ದಾರಿ ಬರುವ ಹೊತ್ತಿಗೆ ನನಗೆ ನನ್ನ ದನಿಯೇ ಕೇಳಿಸುತ್ತಿರಲಿಲ್ಲ. ಅಂಕ ಬಂದರೆ ಜೊತೆಯಲ್ಲಿದ್ದವರಿಗೆ ಮುತ್ತಿಡುವ ಪದ್ಧತಿ ಇದೆ ಇಲ್ಲಿ. ಅಜ್ಜಿ ಅಪ್ಪಾಜಿಯ ಕಡೆ ತಿರುಗಿ, ಅವರ ಮುಖ ನೋಡಿ, ಕೈ ಕುಲುಕಿದರು. ಬಹಳ ದೊಡ್ಡ ಮನಸ್ಸು.

17-7. ಅಲ್ಲಿಂದ ಮುಂದೆ ಒಂದೇ ಒಂದು ದೃಶ್ಯ ನನಗೆ ನೆನಪಿದೆ. ಕೊನೆಯ ಭಾಗ, ನಾವು ಗೆರೆಯ ಬಾಯಲ್ಲಿದ್ದೇವೆ. ಮೂರು ಸಲ ನುಗ್ಗಿಯಾಗಿದೆ. ನಾಲ್ಕನೆಯದು ಉಳಿದಿದೆ. ‘ಡು ಆರ್ ಡೈ ರೈಡ್’ ಅಂದರು ಅಪ್ಪಾಜಿ ನನ್ನ ತೋಳು ಹಿಡಿದು. ಚೆಂಡು ಹಿಡಿದವನು ನುಗ್ಗಿದ. ಕಿತ್ತಳೆ ಬಣ್ಣದ ಗೋಡೆ ಅವನನ್ನು ಹಿಂದಕ್ಕೆ ತಳ್ಳಿತು. ಅಪ್ಪಾಜಿ ಕೈ ಬಿಟ್ಟರು. ‘ಚೈನ್ ಹಿಡಿದ್ರು. ಒಳ್ಳೇ ಚೈನ್’ ಅಂದರು. ಎದುರಾಳಿಯನ್ನು ಹೊಗಳಿದ್ದಕ್ಕೆ ನನಗೆ ಸಿಟ್ಟು ಬಂತು, ಏನು ಮಾಡುವುದು, ಚೈನ್ ಚೆನ್ನಾಗೇ ಇತ್ತು.

ಸೋತ ಮೇಲೂ ಇಲ್ಲಿ ಜನ ತಕ್ಷಣ ಹೋಗುವುದಿಲ್ಲ. ಮುಂದಿನ ಆಟಕ್ಕೆಂದು ನಿಂತಲ್ಲೇ ಒಂದಿಷ್ಟು ಹೊತ್ತು ಯೆಲ್ ಪ್ರಾಕ್ಟೀಸ್ ಮಾಡುತ್ತಾರೆ. ಹೊರಡುವಾಗ ಅಜ್ಜಿ, ‘ಎ ಅಂಡ್ ಎಂ ಯಾವತ್ತೂ ಸೋಲಲ್ಲ, ಟೈಮ್ ಸಾಲಲ್ಲ ಅಷ್ಟೇ’ ಅಂದರು. ಇಲ್ಲಿನ ಹಳೆಯ ಮಾತು ಅದು, ನಾನೂ ನೂರು ಸಲ ಹೇಳಿದ್ದೇನೆ. ಅನುವಾದ ಮಾಡಿ ಹೇಳಿದೆ. ಪಿ.ಟಿ. ಮೇಷ್ಟ್ರಿಗೆ ಸರಿಬರಲಿಲ್ಲ. ‘ಸೋತಿದ್ದು ಸೋತಿದ್ದೇ. ನಮ್ಮ ಹುಡುಗರು ಹಿಂಗಂದಿದ್ರೆ ಮೈದಾನ ಹತ್ತು ಸುತ್ತು ಹೊಡೆಸ್ತಿದ್ದೆ.’ ಇದನ್ನು ನಾನು ಅಜ್ಜಿಗೆ ಅನುವಾದ ಮಾಡಲಿಲ್ಲ.

ಎರಡು ಮೈಲಿ ನಡೆಯುವಾಗ ಅವರು ನನ್ನ ಹೆಗಲು ಹಿಡಿದಿದ್ದರು. ಮೂರೂವರೆ ಗಂಟೆ ನಿಂತ ಕಾಲು. ಕೂತಿದ್ದರೆ ಏನಾಗುತ್ತಿತ್ತು ಅಂತ ಬೈದೆ. ಉತ್ತರ ಬರಲಿಲ್ಲ. ಡಬ್ಬಿ ಇಟ್ಟಿದ್ದ ಟೆಂಟು ಆಗಲೇ ಬಿಚ್ಚಿ ಹೋಗಿತ್ತು. ಹುಲ್ಲಿನ ಮೇಲೆ ಹಳದಿ ಕೈಚೀಲ ಮಾತ್ರ ಇತ್ತು, ಒಳಗೆ ತೊಳೆದ ಡಬ್ಬಿ, ಡಬ್ಬಿಯಲ್ಲಿ ನಾಲ್ಕು ಚಾಕೊಲೇಟ್.

ದಿನ 4: ಭಾನುವಾರ, ರೈಲ್ವೆ ಗೇಟು

ಬೆಳಿಗ್ಗೆ ಅಪ್ಪಾಜಿಯ ಮೊಣಕಾಲು ಊದಿತ್ತು. ಮೋಟೆಲಿನಾಕೆ ಸಾಸಿವೆ ಎಣ್ಣೆ ಬಿಸಿ ಮಾಡಿ ಕೊಟ್ಟರು. ಚಹಾದ ಲೆಕ್ಕ ಬಿಲ್ಲಿನಲ್ಲಿ ಹಾಕಿರಲಿಲ್ಲ. ಶಿರಸಿಯವನು ಹೂಸ್ಟನ್ನಿನ ದಾರಿ ಹಿಡಿದ. ನಾನು ಪೆಟ್ರೋಲ್ ಹಾಕಿಸಲು ಊರೊಳಗೆ ತಿರುಗಿದೆ. ಗೇಟು ಬಿತ್ತು.

ಹರ್ನ್‌ನಲ್ಲಿ ಗೂಡ್ಸ್ ರೈಲು ಬಂತೆಂದರೆ ಕಾರಿನ ಇಂಜಿನ್ ಆರಿಸುವುದೇ ಒಳ್ಳೆಯದು. ಅಷ್ಟುದ್ದ. ಅಪ್ಪಾಜಿ ಸ್ವಲ್ಪ ಹೊತ್ತು ಬೋಗಿ ಎಣಿಸಿದರು, ನಲವತ್ತಕ್ಕೆ ಬಿಟ್ಟರು. ಕಿತ್ತಳೆ ಸ್ವೆಟರ್ ಮತ್ತೆ ಮೈಮೇಲೆ ಬಂದಿತ್ತು.

‘1974ರಲ್ಲಿ ಶಿವಮೊಗ್ಗದಲ್ಲಿ ಅಂತರಕಾಲೇಜು ಕಬಡ್ಡಿ’ ಅಂದರು, ರೈಲು ನೋಡುತ್ತಲೇ. ‘ಏಳು ಜನ ಒಳಗೆ, ಐದು ಜನ ಹೊರಗೆ. ಪಟ್ಟಿಯಲ್ಲಿ ಹನ್ನೆರಡನೇ ಹೆಸರು ನಂದು.’

ಅಪ್ಪಾಜಿ ಕಾಲೇಜಿನಲ್ಲಿ ಕಬಡ್ಡಿ ಆಡಿದ್ದರು ಅಂತ ನಮಗೆಲ್ಲ ಗೊತ್ತು. ತಂಡದ ಫೋಟೋ ಊರಿನ ಮನೆಯ ಹಜಾರದಲ್ಲಿ ಈಗಲೂ ಇದೆ, ಅದರಲ್ಲಿ ಅವರು ಹಿಂದಿನ ಸಾಲಿನ ಕೊನೆಗೆ ನಿಂತಿದ್ದಾರೆ. ಹನ್ನೆರಡನೆಯವರು ಅಂತ ಯಾರೂ ಹೇಳಿರಲಿಲ್ಲ.

‘ರೆಡಿ ಇರು ಅಂದಿದ್ರು ಮೇಷ್ಟ್ರು. ಎರಡು ದಿನ ಚಡ್ಡಿ ಬನಿಯನ್ನಲ್ಲೇ ಗೆರೆ ಪಕ್ಕ ನಿಂತಿದ್ದೆ. ಊಟಕ್ಕೆ ಹೋಗುವಾಗಲೂ ಮೇಲೆ ಪ್ಯಾಂಟ್ ಏರಿಸ್ಕೊಂಡು ಹೋಗ್ತಿದ್ದೆ, ಕರೆದರೆ ತಡ ಆಗಬಾರದು ಅಂತ.’

‘ಕರೆದರಾ?’

‘ಸೆಮಿಫೈನಲ್‌ನಲ್ಲಿ ಒಬ್ಬನ ಭುಜ ತಪ್ಪಿತು.’

ನಾನು ಕಾದೆ. ರೈಲು ಹೋಗುತ್ತಲೇ ಇತ್ತು.

‘ಹನ್ನೊಂದನೆಯವನನ್ನ ಕಳಿಸಿದ್ರು’ ಅಂದರು ಅಪ್ಪಾಜಿ. ಹೇಳಿ ನಕ್ಕರು, ಮೊಣಕಾಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಹಿಂದಿನ ಪಿಕಪ್ಪಿನವನು ಹಾರ್ನ್ ಹೊಡೆದ. ನೋಡಿದರೆ ಗೇಟು ಎದ್ದು ಆಗಲೇ ಎಷ್ಟೋ ಹೊತ್ತಾಗಿತ್ತು.